ಅಜ್ಜಿಯ ತವರು, ಟಾಲೆಮಿಯ ಪುನ್ನಾಟ

ಕಿತ್ತೂರು ಅಂದ ಕೂಡಲೇ ನಿಮಗೆ ಯಾರ ನೆನಪಾಗುತ್ತೆ? ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಬೆಳಗಾವಿ ಕಡೆಯ ಕೋಟೆ... ಅಲ್ವಾ? ಶಾಲೆಯಲ್ಲಿ ನನಗೂ ಹಾಗೇ ಆಗಿತ್ತು. ಸಮಾಜ ಪಾಠದಲ್ಲಿ ಕಿತ್ತೂರು ಬಂದ ದಿನ ಮನೆಗೆ ಓಡಿ ಬಂದು "ಅಜ್ಜೀ, ನಿನ್ನ ಊರು ಪುಸ್ತಕದಲ್ಲಿ ಬಂದದೆ!" ಅಂದಿದ್ದೆ. ಅಜ್ಜಿ ಹಲಸಿನ ಬೀಜ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತದೆ ಹೇಳಿದಳು, "ಅದು ಬ್ಯಾರೆ ಕಿತ್ತೂರು ಕನ ಮಗ. ನಮ್ದು ಪುಸ್ತಕ್ಕೆಲ್ಲಿ ಬಂದದು? ನಮ್ದು ನೀರ್ಗೋಯ್ತು."

ನಮ್ಮ ಅಜ್ಜಿ (ಅವ್ವನ ಅವ್ವ) ಹೇಳಿದ ಆ 'ನಮ್ ಕಿತ್ತೂರು' ಹೆಗ್ಗಡದೇವನಕೋಟೆ ಸೀಮೆಯದು. ಕಪಿಲಾ ಹೊಳೆಯ ದಡದಲ್ಲಿತ್ತು. ಈಗ ಕಬಿನಿ ಜಲಾಶಯದ ಹಿನ್ನೀರಿನ ಅಡಿಯಲ್ಲಿದೆ. ಅಜ್ಜಿ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ತಪ್ಪು ಅಂತ ನನಗೆ ಗೊತ್ತಾಗೋಕೆ ಇಪ್ಪತ್ತು ವರ್ಷ ಬೇಕಾಯಿತು. ಅವಳ ಊರು ಪುಸ್ತಕದಲ್ಲಿ ಬಂದಿತ್ತು. ಚೆನ್ನಮ್ಮನ ಕಿತ್ತೂರಿಗಿಂತ ಹದಿನಾರು ಶತಮಾನ ಮುಂಚೆಯೇ ಬಂದಿತ್ತು. ಅದೂ ಗ್ರೀಕ್ ಭಾಷೆಯ ಪುಸ್ತಕದಲ್ಲಿ!

ಕತೆ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಪಟ್ಟಣದಲ್ಲಿ ಟಾಲೆಮಿ ಅಂತ ಒಬ್ಬ ಪಂಡಿತ ಇದ್ದ. ತಾನು ನೋಡದ ಊರುಗಳನ್ನೂ ವ್ಯಾಪಾರಿಗಳ, ನಾವಿಕರ ಬಾಯಿಂದ ಕೇಳಿ, ಅಕ್ಷಾಂಶ ರೇಖಾಂಶ ಹಾಕಿ ಪಟ್ಟಿ ಮಾಡಿದವನು ಅವನು. ಆ ಪಟ್ಟಿಯಲ್ಲಿ ಮಲಬಾರ್ ಕರಾವಳಿಯ ಒಳನಾಡಿನ ಊರುಗಳೂ ಇವೆ. ಬರೀ ಹೆಸರು, ಹೆಸರು, ಹೆಸರು. ಆ ಹೆಸರುಗಳ ನಡುವೆ ಒಂದಕ್ಕೆ ಒಂದು ಸಣ್ಣ ವಿವರ ಸೇರಿಸಿದ್ದಾನೆ: ಪೌನ್ನಾಟ, ಅಲ್ಲಿ ಬೆರಿಲ್ ಸಿಗುತ್ತದೆ. ಅಷ್ಟೇ. ಈ ಪೌನ್ನಾಟವೇ ನಮ್ಮ ಪುನ್ನಾಟ ಅನ್ನುವುದನ್ನು ಹೆಚ್ಚಿನ ವಿದ್ವಾಂಸರು ಒಪ್ಪಿದ್ದಾರೆ. ಪುನ್ನಾಟದ ರಾಜಧಾನಿ ಕಿತ್ಥಿಪುರ, ಸಂಸ್ಕೃತದಲ್ಲಿ ಕೀರ್ತಿಪುರ. ಅದೇ ಹೆಗ್ಗಡದೇವನಕೋಟೆಯ ಕಿತ್ತೂರು ಅಂತ ಗುರುತಿಸಿದವರು ಬಿ.ಎಲ್. ರೈಸ್. ಹೌದು, ಅದೇ ಬೆಂಗಳೂರಲ್ಲಿ ಹುಟ್ಟಿದ, ಊರೂರು ತಿರುಗಿ ಶಾಸನ ಓದಿದ ರೈಸ್. ಹುಣಸೂರು, ಹೆಗ್ಗಡದೇವನಕೋಟೆ ತಾಲೂಕುಗಳ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ 1898ರಲ್ಲಿ ಅಚ್ಚಾಯಿತು. ಆಮೇಲೆ ಭಾಸ್ಕರ ಆನಂದ ಸಾಲೆತ್ತೂರು ಪುನ್ನಾಟ ರಾಜ್ಯದ ಮೇಲೆ ಪ್ರತ್ಯೇಕ ಪ್ರಬಂಧವನ್ನೇ ಬರೆದರು.

ಬೆರಿಲ್ ಅಂದರೆ ಹಸಿರು ಮಿಶ್ರಿತ ನೀಲಿ ಹರಳು. ರೋಮಿನ ಶ್ರೀಮಂತರಿಗೆ ಅದರ ಹುಚ್ಚು. ಭಾರತ ಬಿಟ್ಟರೆ ಬೇರೆ ಕಡೆ ಅದು ಸಿಗುವುದು ಅಪರೂಪ ಅಂತ ಪ್ಲಿನಿ ಬರೆದಿದ್ದಾನೆ. ಇಲ್ಲೊಂದು ಮಜಾ ಸಂಗತಿ ಇದೆ. ಬೆರಿಲ್ ಅನ್ನೋ ಪದವೇ ನಮ್ಮ ಕಡೆಯದು. ಪ್ರಾಕೃತದ ವೇಳುರಿಯ, ಸಂಸ್ಕೃತದ ವೈಡೂರ್ಯ, ಗ್ರೀಕರ ಬಾಯಲ್ಲಿ ಬೆರಿಲ್ಲೋಸ್ ಆಯಿತು. (ಇವತ್ತು ಆಭರಣದ ಅಂಗಡಿಯವರು ವೈಡೂರ್ಯ ಅಂತ ಕೊಡೋದು ಬೇರೆ ಕಲ್ಲು, ಬೆಕ್ಕಿನ ಕಣ್ಣಿನಂಥದ್ದು.) ಯುರೋಪಿನಲ್ಲಿ ಆ ಹರಳನ್ನು ಅರೆದು ಓದುವ ಗಾಜು ಮಾಡುತ್ತಿದ್ದರಂತೆ, ಅದಕ್ಕೇ ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಕನ್ನಡಕಕ್ಕೆ ಬ್ರಿಲ್ಲೆ ಅಂತಾರೆ. ಇದನ್ನು ಓದಿದ ದಿನ ಕನ್ನಡಕ ತೆಗೆದು ಒಂದು ಸಲ ತಿರುಗಿಸಿ ತಿರುಗಿಸಿ ನೋಡಿದೆ :)

ಹಾಗಂತ ಕಿತ್ತೂರಿನಲ್ಲಿ ಬೆರಿಲ್ ಗಣಿ ಇತ್ತು ಅಂತ ನಾನು ಜಂಬ ಕೊಚ್ಚಿಕೊಳ್ಳಲ್ಲ. ಆ ಕಾಲದ ಬೆರಿಲ್‌ಗೆ ಹೆಸರಾದ ಜಾಗ ಕೊಯಮತ್ತೂರು ಕಡೆಯ ಕಾಂಗೇಯಂ ಹತ್ತಿರದ ಪಡಿಯೂರು. ಪುನ್ನಾಟ ಅದನ್ನು ಕೊಳ್ಳುವ, ಸಾಗಿಸುವ ಪೇಟೆ ಆಗಿದ್ದಿರಬಹುದು ಅನ್ನೋದು ನನ್ನ ಅನಿಸಿಕೆ. ನಕ್ಷೆ ತೆಗೆದು ನೋಡಿ. ಕಪಿಲೆ ಹುಟ್ಟುವುದು ವಯನಾಡಿನ ಬೆಟ್ಟಗಳಲ್ಲಿ. ಅಲ್ಲಿಂದ ಇಳಿದು ಹೆಗ್ಗಡದೇವನಕೋಟೆ, ಸರಗೂರು, ನಂಜನಗೂಡು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತೆ. ಒಂದು ಕಡೆ ಪಶ್ಚಿಮ ಕರಾವಳಿಯ ಬಂದರು, ಇನ್ನೊಂದು ಕಡೆ ಕೊಂಗುನಾಡು. ನಡುವೆ ಈ ಹೊಳೆಯ ಕಣಿವೆ. ಎತ್ತಿನ ಮೇಲೆ ಹೇರು ಹಾಕಿಕೊಂಡು ಹೋಗೋನು ಬೇರೆ ಯಾವ ದಾರಿ ಹಿಡಿಯಬೇಕು? ಕಾಡು ಮುಗಿದು ಹೊಲ ಶುರುವಾಗುವ ಆ ಬಾಗಿಲಲ್ಲಿ ಕಿತ್ತೂರು ಕೂತಿತ್ತು.

ಕಲ್ಲಿನ ಮಾತು ಬಂದಿದ್ದಕ್ಕೆ ಇನ್ನೊಂದು. ಪಕ್ಕದ ಸರಗೂರು ಇದೆಯಲ್ಲ, ಅದರ ಹೆಸರು ಭೂವಿಜ್ಞಾನ ಓದಿದವರಿಗೆಲ್ಲ ಗೊತ್ತು. ಮುನ್ನೂರು ಕೋಟಿ ವರ್ಷಕ್ಕೂ ಹಳೆಯ ಒಂದು ಬಗೆಯ ಶಿಲಾಸಮೂಹಕ್ಕೆ ಸರಗೂರು ಸಮೂಹ ಅಂತಲೇ ಹೆಸರು. ನಮ್ಮ ಕಡೆಯವರಿಗೆ ಸರಗೂರು ಅಂದರೆ ಸಂತೆ, ಬಸ್ ಸ್ಟ್ಯಾಂಡು ಅಷ್ಟೇ.

ಇನ್ನು ರಾಜರ ವಿಷಯ. ಪುನ್ನಾಟದ ರಾಜರ ಹೆಸರುಗಳು ಸಿಕ್ಕಿದ್ದು ತಾಮ್ರಪಟಗಳಿಂದ. ತಮಾಷೆ ಏನಂದರೆ ಅದರಲ್ಲಿ ಮುಖ್ಯವಾದದ್ದು ಸಿಕ್ಕಿದ್ದು ತಮಿಳುನಾಡಿನ ಉಡುಮಲೈಪೇಟೆ ಹತ್ತಿರದ ಕೊಮಾರಲಿಂಗಂನಲ್ಲಿ. ಅದರಲ್ಲಿ ರಾಷ್ಟ್ರವರ್ಮ, ಅವನ ಮಗ ನಾಗದತ್ತ, ಅವನ ಮಗ ಭುಜಗ, ಅವನ ಮಗ ಸ್ಕಂದವರ್ಮ, ಅವನ ಮಗ ರವಿದತ್ತ ಅಂತ ವಂಶಾವಳಿ ಇದೆ. ರವಿದತ್ತ ಕಿತ್ಥಿಪುರದಲ್ಲಿ ಬೀಡುಬಿಟ್ಟಿದ್ದಾಗ ಹೊರಡಿಸಿದ ದಾನಪತ್ರ ಅದು. ಇವರು ತಮ್ಮನ್ನು ತಾಮ್ರಕಾಶ್ಯಪ ಕುಲದವರು ಅಂತ ಕರೆದುಕೊಳ್ಳುತ್ತಾರೆ. ದೊಡ್ಡ ಚಕ್ರವರ್ತಿಗಳೇನಲ್ಲ, ಸಣ್ಣ ರಾಜ್ಯ. ಒಂದು ಕಡೆ ಕದಂಬರು, ಇನ್ನೊಂದು ಕಡೆ ತಲಕಾಡಿನ ಗಂಗರು. ನಡುವೆ ಇವರು ಬದುಕಬೇಕು. ಇಂಥವರು ಬದುಕೋಕೆ ಏನು ಮಾಡ್ತಾರೆ? ಹೆಣ್ಣು ಕೊಟ್ಟು ನೆಂಟಸ್ತಿಕೆ ಮಾಡ್ತಾರೆ.

ಪುನ್ನಾಟದ ಸ್ಕಂದವರ್ಮನ ಮಗಳನ್ನು ಗಂಗರ ಅವಿನೀತ ಮದುವೆಯಾದ. ಅವರ ಮಗ ದುರ್ವಿನೀತ. ಆರನೆಯ ಶತಮಾನ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕಂದರೆ ದುರ್ವಿನೀತ ಅಂದರೆ ನಮಗೆಲ್ಲ (ಕನ್ನಡದಲ್ಲಿ ಗದ್ಯ ಗೀಚುವ ಎಲ್ಲರಿಗೂ) ಒಂಥರಾ ಹಿರೀಕ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡದ ಹಳೆಯ ಗದ್ಯ ಬರಹಗಾರರ ಹೆಸರು ಬರುತ್ತಲ್ಲ... ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಆ ಐದರಲ್ಲಿ ಯಾರ ಗದ್ಯವೂ ಒಂದು ಸಾಲು ಉಳಿದಿಲ್ಲ. ಆದರೆ ದುರ್ವಿನೀತ ಬರೀ ಹೆಸರಲ್ಲ, ಗುಮ್ಮರೆಡ್ಡಿಪುರದ ತಾಮ್ರಪಟ ಅವನ ಓದನ್ನೂ ಹೇಳುತ್ತೆ. ಭಾರವಿಯ ಕಿರಾತಾರ್ಜುನೀಯದ ಹದಿನೈದನೇ ಸರ್ಗಕ್ಕೆ ಟೀಕೆ ಬರೆದನಂತೆ. ಆ ಸರ್ಗ ಎಂಥದ್ದು ಗೊತ್ತಾ? ಚಿತ್ರಬಂಧಗಳ ಸರ್ಗ. ಹೆಚ್ಚುಕಡಿಮೆ ಒಂದೇ ವ್ಯಂಜನದಲ್ಲಿ ಇಡೀ ಪದ್ಯ ಹೊಸೆಯುವ ಕಸರತ್ತು ಅದರಲ್ಲಿದೆ. ಬೇಕಂತಲೇ ಅದನ್ನೇ ಆರಿಸಿಕೊಂಡಿದ್ದಾನೆ ಅಂದರೆ ಆಸಾಮಿ ಎಂಥವನಿರಬೇಕು! ಪೈಶಾಚಿಯಲ್ಲಿದ್ದ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದ ಕೀರ್ತಿಯೂ ಅವನಿಗೇ.

ಈ ದುರ್ವಿನೀತನ ತಾಯಿಯ ತವರು ಕಿತ್ತೂರು. ಅಂದರೆ ಕನ್ನಡದ ಮೊದಲ ಗದ್ಯಕಾರರಲ್ಲಿ ಒಬ್ಬನ ಅಜ್ಜಿಮನೆ ನಮ್ಮ ಅಜ್ಜಿಯ ಊರು. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೇಳಿಕೊಳ್ಳೋಣ ಅಂದರೆ ಅಜ್ಜಿ ಹೋಗಿ ಆಗಲೇ ಎರಡು ವರ್ಷ ಆಗಿತ್ತು.

ಆ ರಾಜಕುಮಾರಿಯ ಹೆಸರೇನು ಅಂತ ತುಂಬಾ ಹುಡುಕಿದೆ. ಅಪ್ಪನ ಹೆಸರಿದೆ, ಗಂಡನ ಹೆಸರಿದೆ, ಮಗನ ಹೆಸರಿದೆ. ಅವಳು ಬರೀ ಪುನ್ನಾಟದ ಸ್ಕಂದವರ್ಮನ ಮಗಳು. ಮಗ ದೊಡ್ಡವನಾಗಿ ಏನು ಮಾಡಿದ ಅಂದರೆ, ಪುನ್ನಾಟವನ್ನೇ ಗಂಗರಾಜ್ಯಕ್ಕೆ ಸೇರಿಸಿಕೊಂಡ. ಅವನ ಶಾಸನಗಳಲ್ಲಿ ಅವನು ಪಾನ್ನಾಡ, ಪುನ್ನಾಡಗಳ ಒಡೆಯ. ತಾಮ್ರಪಟದ ಸ್ಕಂದವರ್ಮನೂ ಈ ತಾಯಿಯ ಅಪ್ಪನೂ ಒಬ್ಬನೇ ಅಂತಾದರೆ ರವಿದತ್ತ ದುರ್ವಿನೀತನಿಗೆ ಸೋದರಮಾವ. ಒಟ್ಟಿನಲ್ಲಿ ಅಲ್ಲಿಂದ ಮುಂದೆ ಪುನ್ನಾಟ ಅನ್ನೋದು ರಾಜ್ಯವಾಗಿ ಇಲ್ಲ, ಗಂಗರ ಕೈಕೆಳಗಿನ ಒಂದು ನಾಡು ಅಷ್ಟೇ. ತವರುಮನೆ ನಿಂತಿತ್ತು, ಆದರೆ ಅದು ಈಗ ಮಗನ ಆಸ್ತಿ. ಆ ತಾಯಿಗೆ ಏನನ್ನಿಸಿತೋ ತಾಮ್ರಪಟಗಳು ಅಂಥದ್ದನ್ನೆಲ್ಲ ಬರೆಯುವುದಿಲ್ಲ.

ರಾಜ್ಯ ಹೋದರೂ ಹೆಸರು ಮಾತ್ರ ಬಹಳ ದೂರ ಹೋಯಿತು. ಜೈನರಲ್ಲಿ ಪುನ್ನಾಟ ಸಂಘ ಅಂತ ಒಂದು ಮುನಿಸಂಘ ಇತ್ತು. ಹೆಸರೇ ಹೇಳುವ ಹಾಗೆ ಮೂಲ ಈ ಸೀಮೆಯದು. ಆ ಸಂಘದ ಜಿನಸೇನ ಅನ್ನೋ ಮುನಿ 783ರಲ್ಲಿ ಸಂಸ್ಕೃತದಲ್ಲಿ ಹರಿವಂಶಪುರಾಣ ಬರೆದು ಮುಗಿಸಿದ. ಎಲ್ಲಿ? ಗುಜರಾತಿನ ಸೌರಾಷ್ಟ್ರದ ವರ್ಧಮಾನಪುರದಲ್ಲಿ, ಈಗಿನ ವಢವಾಣದಲ್ಲಿ! (ಮಹಾಪುರಾಣದ ಜಿನಸೇನ ಬೇರೆ, ಇವನು ಬೇರೆ. ನಾನೂ ಮೊದಲು ಗೊಂದಲ ಮಾಡಿಕೊಂಡಿದ್ದೆ.) ಸುಮಾರು ನೂರೈವತ್ತು ವರ್ಷದ ನಂತರ, ಹತ್ತನೆಯ ಶತಮಾನದಲ್ಲಿ, ಅದೇ ಊರಲ್ಲಿ ಅದೇ ಸಂಘದ ಹರಿಷೇಣ ಬೃಹತ್ಕಥಾಕೋಶ ಬರೆದ. ಭದ್ರಬಾಹು, ಚಂದ್ರಗುಪ್ತರ ಕತೆ ನಮಗೆಲ್ಲ ಶ್ರವಣಬೆಳಗೊಳದ ಜೊತೆ ಗೊತ್ತು. ಹರಿಷೇಣ ಹೇಳೋದು ಬೇರೆ ಥರ. ಅವನ ಪ್ರಕಾರ ಭದ್ರಬಾಹು ಉತ್ತರದಲ್ಲೇ ಉಳಿದು ದೇಹ ಬಿಟ್ಟರು, ವಿಶಾಖಾಚಾರ್ಯರ ಜೊತೆ ಸಂಘ ಹೊರಟು ಬಂದು ಸೇರಿದ್ದು ದಕ್ಷಿಣಾಪಥದ ಪುನ್ನಾಟ ವಿಷಯಕ್ಕೆ. ಬೆಳಗೊಳದ ಹೆಸರೇ ಇಲ್ಲ! ನೂರಾರು ಮೈಲಿ ದೂರ ಕೂತು, ಊರು ಬಿಟ್ಟು ಎಷ್ಟೋ ತಲೆಮಾರು ಆದಮೇಲೂ, ಕತೆಯಲ್ಲಿ ತಮ್ಮ ಮೂಲದ ನಾಡನ್ನು ತಂದು ಕೂರಿಸಿದ್ದಾರೆ. ನಾವು ಬೆಂಗಳೂರಿಂದ, ಅಮೆರಿಕದಿಂದ ಊರಿನ ಬಗ್ಗೆ ಬರೆಯೋ ಹಾಗೆ.

ಆಮೇಲಿನ ಇತಿಹಾಸ ಈ ಕಡೆಯ ಎಲ್ಲ ಊರುಗಳ ಇತಿಹಾಸವೇ. ಗಂಗರು ಹೋಗಿ ಚೋಳರು, ಚೋಳರು ಹೋಗಿ ಹೊಯ್ಸಳರು, ವಿಜಯನಗರ, ಪಾಳೆಯಗಾರರು, ಮೈಸೂರು ಒಡೆಯರು. ಕೀರ್ತಿಪುರ ಕಿತ್ತೂರಾಗಿ, ಕಿತ್ತೂರು ಹಳ್ಳಿಯಾಗಿ, ಹೆಗ್ಗಡದೇವನಕೋಟೆ ತಾಲೂಕಿನ ಒಂದು ಮೂಲೆಯಲ್ಲಿ ಮಲಗಿತು. ಪಿರಿಯಾಪಟ್ಟಣಕ್ಕೆ ಕೋಟೆ ಉಳಿಯಿತು, ಹುಣಸೂರಿನವರಿಗೆ ಗೊಮ್ಮಟಗಿರಿ ಇದೆ, ಕೆ.ಆರ್. ನಗರದವರಿಗೆ ಚುಂಚನಕಟ್ಟೆ ಇದೆ. ಕಿತ್ತೂರಿಗೆ ಅಂಥ ದೊಡ್ಡ ಗುರುತು ಏನೂ ಇರಲಿಲ್ಲ. ಹೊಳೆ ದಡದ ರವಿರಾಮೇಶ್ವರ ದೇವಸ್ಥಾನ, ಹಳೇ ಕಲ್ಲುಗಳು, ಹೊಲ, ಹುಣಸೆ ಮರ, ಅಷ್ಟೇ.

ಅಜ್ಜಿಯನ್ನು ಊರಿನ ಬಗ್ಗೆ ಕೇಳಿದರೆ ಅವಳು ರಾಜರ ಕತೆ ಒಂದೂ ಹೇಳುತ್ತಿರಲಿಲ್ಲ. ಅವಳ ಗುರುತುಗಳೇ ಬೇರೆ. ಹೊಳೆಗೆ ಇಳಿಯೋ ಕಲ್ಲು. ಬಟ್ಟೆ ಒಗೆಯೋ ಬಂಡೆ, ಅದರ ಮೇಲೆ ಯಾರು ಮೊದಲು ಅನ್ನೋ ಜಗಳ. ಶಿವರಾತ್ರಿ ಜಾಗರಣೆಗೆ ದೇವಸ್ಥಾನದಲ್ಲಿ ಮಲಗಿಬಿಟ್ಟು ಬೈಸಿಕೊಂಡದ್ದು. ರಾತ್ರಿ ಹೊಳೆಯಾಚೆ ಆನೆ ಘೀಳಿಟ್ಟರೆ ಅವರಪ್ಪ ತಮಟೆ ತಗೊಂಡು ಹೊಲಕ್ಕೆ ಓಡುತ್ತಿದ್ದದ್ದು. ಮತ್ತೆ ಬೋಕಿ. ಮಳೆ ಬಂದು ನಿಂತ ಮೇಲೆ ಹೊಲದಲ್ಲಿ, ದಾರಿಯಲ್ಲಿ ಮಡಕೆ ಚೂರು ಮೇಲೆದ್ದು ಬರುತ್ತಿದ್ದವಂತೆ. "ಕೆಂಪ್ನವು ಇರ್ತಿದ್ವು, ಕಪ್ಪನವು ಇರ್ತಿದ್ವು. ಕಪ್ನವು ಒಸಿ ನುಣ್ಣಗೆ, ಅಂಗೇ ಜಾರವು. ಅವುನ್ನೇ ಆಯ್ಕಂಡು ಕುಂಟೆಬಿಲ್ಲೆ ಆಡವು ನಾವು." ಆ ನುಣುಪಾದ ಕಪ್ಪು ಚೂರು ಯಾವ ಕಾಲದ್ದೋ. ಈಗ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತೆ. ಆಗ ನಾನು ಕೇಳಿಸಿಕೊಳ್ಳುತ್ತಾ ಟಿವಿ ನೋಡುತ್ತಿದ್ದೆ.

ಅಜ್ಜಿಯನ್ನು ಹುಣಸೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಹದಿನಾರಕ್ಕೇ ಮದುವೆ. ಹಬ್ಬ ಹುಣ್ಣಿಮೆಗೆ ಗಾಡಿ ಕಟ್ಟಿಕೊಂಡು ತವರಿಗೆ ಹೋಗಿ ಬರುತ್ತಿದ್ದಳು. ಗೌರಿ ಹಬ್ಬಕ್ಕೆ ತಮ್ಮ ಬಾಗಿನ ತರುತ್ತಿದ್ದ. ಅಣೆಕಟ್ಟೆಯ ಮಾತು ಶುರುವಾದಾಗ ಊರಲ್ಲಿ ಯಾರೂ ನಂಬಲಿಲ್ಲವಂತೆ. ಕಬಿನಿ ಯೋಜನೆಯ ಕೆಲಸ ಶುರುವಾಗಿದ್ದು 1959ರಲ್ಲಿ, ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ. ಮುಗಿದದ್ದು 1974ರಲ್ಲಿ. ಹದಿನೈದು ವರ್ಷ! ಅಷ್ಟು ವರ್ಷ ಒಂದು ಊರು ನಾಳೆ ಮುಳುಗುತ್ತೆ ನಾಡಿದ್ದು ಮುಳುಗುತ್ತೆ ಅಂತ ಕಾಯುತ್ತಾ ಬದುಕೋದು ಹೇಗೆ? ಮನೆ ಹೆಂಚು ಬದಲಾಯಿಸಬೇಕಾ ಬೇಡವಾ, ತೆಂಗಿನ ಸಸಿ ನೆಡಬೇಕಾ ಬೇಡವಾ, ಆ ಊರಿಗೆ ಹೆಣ್ಣು ಕೊಡೋರು ಯಾರು. ಇವೆಲ್ಲ ಚಿಕ್ಕತಾತ (ಅಜ್ಜಿಯ ತಮ್ಮ) ಹೇಳುತ್ತಿದ್ದ ಮಾತುಗಳು. ಪರಿಹಾರದ ದುಡ್ಡು ಮೂರು ಕಂತಿನಲ್ಲಿ ಬಂತಂತೆ, ಬರುವಷ್ಟರಲ್ಲಿ ಅದರಲ್ಲಿ ಹೊಲ ಕೊಳ್ಳೋ ಬೆಲೆ ಇರಲಿಲ್ಲ. ಅವನು ಕೊನೆಗೆ ಮನೆ ಕಳಚಿದ. ನಾಡಹೆಂಚು, ತೊಲೆ, ಬಾಗಿಲವಾಡ ಎಲ್ಲ ಗಾಡಿಗೆ ಹೇರಿಕೊಂಡು ಎತ್ತರದ ಜಾಗಕ್ಕೆ ಬಂದು ಗುಡಿಸಲು ಹಾಕಿದ. ಆಮೇಲೆ ಹುಣಸೂರು ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ನುಗಳಲ್ಲಿ ಕೂಲಿ ಮಾಡಿ ಮಕ್ಕಳನ್ನು ಸಾಕಿದ. ಸ್ವಂತ ಹೊಲ ಇದ್ದವನು.

ಕಿತ್ತೂರಿನದೊಂದೇ ಕತೆ ಅಲ್ಲ ಇದು. ಸುತ್ತಲ ಹಳ್ಳಿಗಳು, ಜೇನುಕುರುಬರ, ಕಾಡುಕುರುಬರ ಹಾಡಿಗಳು ಹೋದವು. ಹೊಲದ ಪತ್ರ ಇದ್ದವರಿಗೇ ಆ ಗತಿ, ಪತ್ರವೇ ಇಲ್ಲದ ಹಾಡಿಯವರ ಗತಿ ಏನು ಕೇಳ್ತೀರ. ಮೈಸೂರು ಮಹಾರಾಜರ ಕಾಲದಿಂದ ಹೆಸರಾಗಿದ್ದ ಕಾಕನಕೋಟೆಯ ಖೆಡ್ಡಾ ಜಾಗವೂ ನೀರಿನಡಿ ಹೋಯಿತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಅಣೆಕಟ್ಟೆ ಬೇಡವಾಗಿತ್ತು ಅಂತ ಬರೆದರೆ ನಾನು ಸುಳ್ಳ ಆಗ್ತೀನಿ. 19.52 ಟಿಎಂಸಿ ನೀರು. ನಂಜನಗೂಡು, ನರಸೀಪುರ ಕಡೆ ಎಷ್ಟೋ ಹೊಲಗಳು ಹಸಿರಾಗಿದ್ದು ಇದರಿಂದ. ವಯನಾಡಿನಲ್ಲಿ ಮಳೆ ಬಿದ್ದರೆ ಸಾಕು, ಕೆ.ಆರ್.ಎಸ್. ತುಂಬುವ ಮುಂಚೆಯೇ ಕಬಿನಿ ತುಂಬುತ್ತೆ. ಆದರೆ ಒಂದು ಮಾತು. ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ ಅಂತ ನಾಲ್ಕು ಜಲಾಶಯ ಇವೆ. ನಾಲ್ಕು! ಅಷ್ಟಾಗಿಯೂ ಮಳೆ ನಂಬಿಕೊಂಡು ಹತ್ತಿ, ರಾಗಿ, ಹೊಗೆಸೊಪ್ಪು ಬೆಳೆಯೋ ರೈತರು ಇಲ್ಲಿ ಎಷ್ಟು ಜನ ಇದ್ದಾರೆ ಅಂತ ಆ ರಸ್ತೆಯಲ್ಲಿ ಒಮ್ಮೆ ಹೋಗಿ ನೋಡಿ.

ನೀರು ನಿಂತ ಮೇಲೆ ಮೊದಲ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ತಮ್ಮನ ಹತ್ತಿರ ದುಡ್ಡಿರಲಿಲ್ಲ. ಅಜ್ಜಿ ಅದನ್ನು ಒಮ್ಮೆಯೂ ದೂರಿನ ಥರ ಹೇಳಿದ್ದು ನಾನು ಕೇಳಿಲ್ಲ. ಆದರೆ ಹಳ್ಳಿಯಲ್ಲಿ ತವರಿಲ್ಲದ ಹೆಂಗಸು ಅಂದರೆ ಏನು ಅಂತ ನಿಮಗೆ ಗೊತ್ತಿರಬಹುದು. ಅತ್ತೆ ಜೊತೆ ಜಗಳ ಆದರೆ ಹೋಗಿ ನಾಲ್ಕು ದಿನ ಇದ್ದು ಬರೋಕೆ ಜಾಗ ಇಲ್ಲ. "ಹೋಗು ನಿನ್ನ ಅಪ್ಪನ ಮನೆಗೆ" ಅಂತ ಬೈಯ್ಯೋಕೂ ಬರೋಲ್ಲ. ಅದನ್ನೇ ಹೇಳಿ ಅಜ್ಜಿ ನಗುತ್ತಿದ್ದಳು. "ಎಲ್ಗೋಗನೆ? ಈಜ್ಕಂಡೋಗ್ಬೇಕು."

ಆಮೇಲಾಮೇಲೆ ಟಿವಿ ಬಂತು. ಪ್ರತಿ ಮಳೆಗಾಲ ಕಬಿನಿ ತುಂಬಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಬಿಡೋದನ್ನ ತೋರಿಸ್ತಾರಲ್ಲ, ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ಕಣ, ಧಾನ್ಯ. ಒಂದು ವರ್ಷ ಅಜ್ಜಿ ಅದನ್ನು ನೋಡುತ್ತಾ ಎಲೆ ಅಡಿಕೆ ಅಗಿಯೋದನ್ನ ನಿಲ್ಲಿಸಿ, "ನೋಡ್ಲಾ ಮಗ, ಇಡೀ ಸರ್ಕಾರವೇ ನನ್ ತವರ್ಗೆ ಬಾಗಿನ ಬುಡ್ತಾ ಅದೆ. ನಂಗೊಂದು ಬರ್ನಿಲ್ಲ" ಅಂದಳು. ನಾವೆಲ್ಲ ನಕ್ಕೆವು. ಅವಳೂ ನಕ್ಕಳು. ಜಲಾಶಯದ ಪೂರ್ಣ ಮಟ್ಟ 2284 ಅಡಿ, ಅದು ಅವಳಿಗೆ ಬಾಯಿಪಾಠ ಆಗಿತ್ತು. ಸುದ್ದಿಯಲ್ಲಿ ಅಂಕಿ ಹೇಳಿದರೆ "ಅಂಗಾರೆ ದೇವಸ್ಥಾನದ್ ಮ್ಯಾಲೆ ನೀರದೆ" ಅಂತ ಲೆಕ್ಕ ಹಾಕುತ್ತಿದ್ದಳು.

2017ರ ಬೇಸಿಗೆ. ಸತತ ಬರ, ಜಲಾಶಯ ತಳ ಕಂಡಿತ್ತು. ಚಿಕ್ಕತಾತನ ಮಗ, ನನಗೆ ಮಾವ ಆಗಬೇಕು, ಫೋನ್ ಮಾಡಿದ. "ಅಳಿಯಾ, ನೀರು ಇಳ್ದದೆ, ಬಂದ್ರೆ ಬಾ, ಊರು ಕಾಣ್ತದೆ." ಶನಿವಾರ ಬೆಳಿಗ್ಗೆಯೇ ಹೊರಟೆ. ಮೈಸೂರಿನಿಂದ ಮಾನಂದವಾಡಿ ರಸ್ತೆ, ಹೆಗ್ಗಡದೇವನಕೋಟೆ ಪೇಟೆ ದಾಟಿ ಮುಂದೆ ಅಂತರಸಂತೆ. ದಾರಿಯುದ್ದಕ್ಕೂ ರೆಸಾರ್ಟುಗಳ ಬೋರ್ಡು. ಹುಲಿ, ಚಿರತೆ, ಕರಿಚಿರತೆ. ಸಫಾರಿ ಜೀಪುಗಳು. ಪುನ್ನಾಟ ಅಂತ ಒಂದು ಬೋರ್ಡು ಇದ್ದರೆ ನೋಡೋಣ ಅಂತ ಕಣ್ಣು ಬಿಟ್ಟುಕೊಂಡೇ ಹೋದೆ. ನನ್ನ ಕಣ್ಣಿಗೆ ಬೀಳಲಿಲ್ಲ.

ಹಿನ್ನೀರಿಗೆ ಇಳಿದರೆ ಮೊದಲು ಕಾಣೋದು ಬೊಡ್ಡೆಗಳು. ನಲವತ್ತು ವರ್ಷ ನೀರಲ್ಲಿದ್ದೂ ಕೊಳೆಯದೆ ನಿಂತ ಮರದ ಬೊಡ್ಡೆಗಳು, ಬೂದಿ ಬಣ್ಣ. ಆಮೇಲೆ ಬಿರುಕು ಬಿಟ್ಟ ಗೋಡು. ಅದರಾಚೆ ಹೊಸ ಹುಲ್ಲು. ಮಾವ ಮುಂದೆ, ನಾನು ಹಿಂದೆ. ಅವನು ಊರು ಬಿಟ್ಟಾಗ ಏಳು ವರ್ಷದ ಹುಡುಗ. ಅಪ್ಪ ತೋರಿಸಿದ ಗುರುತಿನಲ್ಲಿ ನಡೆಯುತ್ತಿದ್ದ. "ಇದು ಕೇರಿ. ಇಲ್ಲಿ ಬಾವಿ. ಇದು ನಮ್ಮನೆ ಅಂತ ಕಾಣ್ತದೆ... ಅಲ್ಲ, ಅದು." ಕಲ್ಲಿನ ಚಪ್ಪಡಿಗಳು, ಕಂಬದ ತುಂಡುಗಳು, ಗೋಡೆಯ ಅಡಿಪಾಯದ ಸಾಲು ಕಂಡವು. ದೇವಸ್ಥಾನದ ಕಲ್ಲುಗಳ ಹತ್ತಿರ ಯಾರೋ ನಮಗಿಂತ ಮುಂಚೆ ಬಂದು ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ ಹೋಗಿದ್ದರು. ನಮ್ಮ ಹಾಗೇ ಊರು ನೋಡೋಕೆ ಬಂದವರು ಇರಬೇಕು. ದೂರದಲ್ಲಿ ನೀರಿನಂಚಿಗೆ ಆನೆಗಳ ಹಿಂಡು. ಬೇಸಿಗೆಯಲ್ಲಿ ನೀರಿಳಿದ ಜಾಗದಲ್ಲಿ ಹುಲ್ಲು ಚಿಗುರುತ್ತೆ, ನಾಗರಹೊಳೆ, ಬಂಡೀಪುರ ಎರಡೂ ಕಡೆಯ ಕಾಡಿನಿಂದ ನೂರಾರು ಆನೆಗಳು ಅದಕ್ಕೆ ಬರುತ್ತವೆ. ಏಷ್ಯಾದಲ್ಲೇ ಆನೆಗಳು ಇಷ್ಟು ದೊಡ್ಡದಾಗಿ ಸೇರುವ ಜಾಗ ಇದು ಅಂತಾರೆ. ಅದನ್ನು ನೋಡೋಕೆ ದೇಶ ವಿದೇಶದಿಂದ ಜನ ಬರ್ತಾರೆ. ಆ ಹುಲ್ಲು ಬೆಳೆದಿರೋದು ಎಷ್ಟೋ ಊರಿನ ಹಿತ್ತಲಿನಲ್ಲಿ.

ತಲಕಾಡು ಮರಳಲ್ಲಿ ಹೂತಿತು. ಅಗೆದರು, ದೇವಸ್ಥಾನ ತೆಗೆದರು, ಪಂಚಲಿಂಗ ದರ್ಶನಕ್ಕೆ ಲಕ್ಷಾಂತರ ಜನ ಹೋಗ್ತಾರೆ. ಕಣ್ಣಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಕೆ.ಆರ್.ಎಸ್. ನೀರಲ್ಲಿ ಮುಳುಗಿತ್ತು. ಅದನ್ನು ಕಲ್ಲು ಕಲ್ಲು ಬಿಚ್ಚಿ ಮೇಲೆ ತಂದು ಮತ್ತೆ ಕಟ್ಟಿದರು. ಒಳ್ಳೆಯದೇ. ಅಜ್ಜಿಮನೆ ಹೆಗ್ಗಡದೇವನಕೋಟೆಯದು ಅನ್ನೋ ಕಾರಣಕ್ಕೆ ನನಗೆ ಹೊಟ್ಟೆಕಿಚ್ಚು ಅಂತ ಬೇಕಾದರೆ ಅಂದುಕೊಳ್ಳಿ. ಗಂಗರ ರಾಜಧಾನಿಗೆ ಸಿಕ್ಕ ಗೌರವ, ಗಂಗರಿಗೆ ಹೆಣ್ಣು ಕೊಟ್ಟವರ ರಾಜಧಾನಿಗೆ ಸಿಗಲಿಲ್ಲ. ಇಡೀ ಊರನ್ನು ಮೇಲೆತ್ತಿ ಅಂತ ಯಾರೂ ಕೇಳುತ್ತಿಲ್ಲ. ದಡದ ಮೇಲೆ ಒಂದು ಕಲ್ಲು ನಿಲ್ಲಿಸಿ, ಇಲ್ಲಿ ಪುನ್ನಾಟದ ಕೀರ್ತಿಪುರ ಇತ್ತು, ಕಿತ್ತೂರು ಇತ್ತು, 1974ಕ್ಕೆ ಮುಂಚೆ ಇಲ್ಲಿ ಜನ ಇದ್ದರು ಅಂತ ಬರೆದರೆ ಸಾಕು. ಸಫಾರಿ ಜೀಪಿನವನು ಅಲ್ಲಿ ಎರಡು ನಿಮಿಷ ನಿಲ್ಲಿಸಲಿ.

ಮಾವ ಬಗ್ಗಿ ಮಣ್ಣಿಂದ ಏನೋ ಎತ್ತಿಕೊಂಡ. ಮಡಕೆ ಚೂರು. ಕಪ್ಪು, ನುಣುಪು, ಅಂಚು ಸವೆದು ದುಂಡಗಾಗಿತ್ತು. ನಾನು ಅಜ್ಜಿಯ ಕುಂಟೆಬಿಲ್ಲೆಯ ಮಾತು ಹೇಳಿದೆ, ಜೊತೆಗೆ ಟಾಲೆಮಿ, ದುರ್ವಿನೀತ, ಗುಜರಾತಿನ ಜಿನಸೇನ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ಪೂರ್ತಿ ಕೇಳಿದ. "ಅಂಗಾರೆ ಇದು ರಾಜ್ರೂರು ಅನ್ನು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅತ್ತೆಗೆ ಹೇಳಿದ್ದೇನಾ?" ಅಂತ ಕೇಳಿದ. ಇಲ್ಲ ಮಾವ, ನನಗೆ ಗೊತ್ತಾಗಿದ್ದೇ ಆಮೇಲೆ ಅಂದೆ. ಅವನು ಚೂರನ್ನು ಎಲ್ಲಿಂದ ತೆಗೆದಿದ್ದನೋ ಅಲ್ಲೇ ಇಟ್ಟು ಕೈ ಒರೆಸಿಕೊಂಡ.

ಹೋಗಬೇಕು ಅನ್ನೋರಿಗೆ ಎರಡು ಮಾತು. ಮಳೆಗಾಲದಲ್ಲಿ ಹೋದರೆ ನೀರು ಬಿಟ್ಟು ಏನೂ ಕಾಣಲ್ಲ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಾತ್ರ ಹಳೇ ಕಿತ್ತೂರಿನ ಕಲ್ಲುಗಳು ಕಾಣೋದು, ಎಲ್ಲ ವರ್ಷವೂ ಅಲ್ಲ. ಆನೆ ಓಡಾಡುವ ಜಾಗ, ಸ್ಥಳೀಯರಿಲ್ಲದೆ ಇಳಿಯಬೇಡಿ. ಅಲ್ಲಿರುವ ಚೂರು, ಕಲ್ಲು ಯಾವುದನ್ನೂ ಜೇಬಿಗೆ ಹಾಕಿಕೊಳ್ಳಬೇಡಿ, ದಯವಿಟ್ಟು. ಹಿನ್ನೀರಿನ ದಡದಲ್ಲೇ ಭೀಮನಕೊಲ್ಲಿ ಮಹದೇಶ್ವರನ ದೇವಸ್ಥಾನ ಇದೆ, ಅದು ವರ್ಷವಿಡೀ ಉಂಟು. ಬರುವಾಗ ಪುರುಸೊತ್ತಿದ್ದರೆ ಹೆಗ್ಗಡದೇವನಕೋಟೆಯ ವರದರಾಜಸ್ವಾಮಿ ದೇವಸ್ಥಾನ, ಸರಗೂರು ಕಡೆ ಹೋದರೆ ಚಿಕ್ಕದೇವಮ್ಮನ ಬೆಟ್ಟ ನೋಡಿ. ಬೆಟ್ಟದ ಮೇಲಿಂದ ಕಪಿಲೆ ಹರಿಯೋದು ಚೆನ್ನಾಗಿ ಕಾಣುತ್ತೆ.

ಆವತ್ತು ಮಧ್ಯಾಹ್ನ ಮಾವನ ಮನೆಯಲ್ಲಿ ಊಟ. ಮುದ್ದೆ, ಅವರೆಕಾಳು ಸಾರು. ಈಗ ತಾರಸಿ ಮನೆ ಕಟ್ಟಿಸಿದ್ದಾನೆ, ಮುಂಬಾಗಿಲು ಟೀಕಿನದು. ಒಳಗೆ ಅಡಿಗೆಮನೆಯ ಬಾಗಿಲಿಗೆ ಮಾತ್ರ ಹಳೇ ಬಾಗಿಲವಾಡ ಕೂರಿಸಿದ್ದಾರೆ. ಕಿತ್ತೂರಿನ ಮನೆಯದು. ಅದು ಈಗಿನ ಬಾಗಿಲುಗಳಿಗಿಂತ ಗೇಣುದ್ದ ಗಿಡ್ಡ. ಒಳಗೆ ಹೋಗುವಾಗ ನನಗೆ ಹಣೆ ತಗುಲಿತು. "ಬಗ್ಗಿ ಬರ್ಬೇಕು ಕನಪ್ಪಾ ಅಲ್ಲಿ" ಅಂತ ಅತ್ತೆ ಒಳಗಿಂದ ಕೂಗಿದರು.